ಕೊಂಬು ಸ್ವಲ್ಪ ಜೋರಾತ್ರಿ

ನನ್ನ ಮನೆಯಲ್ಲಿ ದೊಡ್ಡ ವಾದ್ಯವೃಂದವೇ ಇದೆ, ಚಹಾ ಕುಡಿಯುವವನು ಮಾತ್ರ ನಾನೊಬ್ಬನೇ. ಪಿಟೀಲು, ಚೆಲ್ಲೊ, ಕೊಂಬು, ನಗಾರಿ ಎಲ್ಲವೂ ಲ್ಯಾಪ್‌ಟಾಪಿನೊಳಗಿವೆ. ಯಾವುದೋ ದೇಶದ ವಾದಕರು ಒಂದೊಂದೇ ಸ್ವರ ನುಡಿಸಿ ಮುದ್ರಿಸಿ ಕೊಟ್ಟಿದ್ದಾರೆ. ಶಹಾಪುರದ ಈ ಕೋಣೆಯಲ್ಲಿ ನಾನು ಕೀಲಿ ಒತ್ತಿದರೆ ಅವರು ಅಲ್ಲಿ ನುಡಿಸಿದ್ದು ಕೇಳಿಸುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಸಂಜೆಗಳನ್ನು ಹೇಗಾದರೂ ತಳ್ಳಬೇಕಲ್ಲ ಎಂದು ಇದನ್ನು ಕಲಿಯತೊಡಗಿದೆ. ಧಾರಾವಾಹಿ ನೋಡುತ್ತ ಕೊಳೆಯುವುದಕ್ಕಿಂತ ಇದು ವಾಸಿ.

ಸ್ವರ ಕೂಡಿಸುವುದು ಹೇಗೋ ಬಂತು. ಮಿಕ್ಸ್ ಮಾಡುವುದು ಮಾತ್ರ ನನ್ನ ಜೀವ ತಿಂದಿತು. ಯಾವ ವಾದ್ಯ ಮುಂದೆ, ಯಾವುದು ಹಿಂದೆ, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಸಭಾಂಗಣದ ಗುಂಗು, ಅಂದರೆ ಮಾರ್ದನಿ, ಯಾವುದಕ್ಕೆ ಎಷ್ಟು ಎಂದು ಗೊತ್ತುಮಾಡುವುದೇ ಮಿಕ್ಸ್. ಹೊಸಬನಾದ ನಾನು ಎಲ್ಲವನ್ನೂ ಏರಿಸಿಬಿಟ್ಟಿದ್ದೆ. ಮದುವೆ ಊಟದ ಮೊದಲ ಪಂಕ್ತಿಗೆ ಊರಿಗೆ ಊರೇ ನುಗ್ಗಿದ ಹಾಗೆ ಕೇಳುತ್ತಿತ್ತು. ಸಾಲದ್ದಕ್ಕೆ ಕೆಳಗಿನ ಮನೆಯಲ್ಲಿ ಪವರ್‌ಲೂಮ್. ಅದರ ಸದ್ದನ್ನು ಮೀರಿ ಕೇಳಲೆಂದು ನಗಾರಿಯನ್ನು ಇನ್ನಷ್ಟು ಏರಿಸುತ್ತ ಹೋದೆ.

ಕಲಿಸುವ ವಿಡಿಯೊಗಳೆಲ್ಲ ಒಂದು ಮಾತು ಹೇಳುತ್ತವೆ: ಮಾಡಿದ್ದನ್ನು ಬೇರೆ ಮನೆಯಲ್ಲಿ, ಬೇರೆ ಸ್ಪೀಕರಿನಲ್ಲಿ ಕೇಳಿ ನೋಡಿ. ಬೇರೆ ಮನೆ ಎಂದರೆ ನನಗೆ ಹೊಳೆದದ್ದು ಖಾನಾಪುರದಲ್ಲಿರುವ ಹೆಂಡತಿಯ ಅಣ್ಣನ ಮನೆ. ಅವಳು ಕರೆಯುತ್ತಿದ್ದಂತೆ ನಾನೂ ಅವರನ್ನು ಅಣ್ಣಾರ ಎಂದೇ ಕರೆಯುತ್ತೇನೆ. ಅವಳು ಹೋದ ಮೇಲೆ ಆ ಕಡೆ ಹೋಗುವುದು ನಿಂತಿತ್ತು. ಜಗಳವೇನೂ ಇರಲಿಲ್ಲ. ಯಾವ ನೆಪ ಹೇಳಿ ಹೋಗಲಿ, ಹೋಗಿ ಏನು ಮಾತಾಡಲಿ ಎಂಬುದೇ ತಿಳಿಯುತ್ತಿರಲಿಲ್ಲ. ಅವರ ಪಡಸಾಲೆಯಲ್ಲಿ ಪೆನ್ ಡ್ರೈವ್ ಹಾಕುವ ಪ್ಲೇಯರಿಗೆ ಜೋಡಿಸಿದ, ಟೇಪ್ ಕಾಲದ ಎರಡು ದೊಡ್ಡ ಸ್ಪೀಕರುಗಳಿದ್ದವು. ಒಂದು ರವಿವಾರ ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ರೈಲು ಹತ್ತಿದೆ.

ಅಣ್ಣಾರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಛಲೋ ಐತ್ರಿ. ಆದ್ರ ಕೊಂಬು ಸ್ವಲ್ಪ ಜೋರಾತ್ರಿ. ಕಡಿಮಿ ಮಾಡ್ಕೊಂಡ ಬರ್ರಿ, ಮುಂದಿನ ರವಿವಾರ ಕೇಳೂಣು."

ಅವರ ಹೆಂಡತಿ, ನಮ್ಮ ವೈನಿ, ಒಳಗಿನಿಂದ ಕೂಗಿದರು. "ಹಂಗ ಹೋಗಬ್ಯಾಡ್ರಿ, ಉಂಡ ಹೋಗ್ರಿ. ರೊಟ್ಟಿ ಬಡದೀನಿ."

ನನಗೆ ಹಿಗ್ಗೋ ಹಿಗ್ಗು. ನನ್ನ ಸಂಗೀತವನ್ನು ಪೂರ್ತಿ ಕೇಳಿದ ಮೊದಲ ಮನುಷ್ಯ ಅವರು. ಆಫೀಸಿನವರಿಗೆ ಫೋನಿನಲ್ಲಿ ಕಳಿಸಿದರೆ ಹಾಡು ಅರ್ಧವೂ ಆಗಿರುವುದಿಲ್ಲ, ಅಷ್ಟರಲ್ಲೇ ಹೆಬ್ಬೆರಳಿನ ಚಿತ್ರ ಬಂದುಬಿಡುತ್ತದೆ. ಆ ವಾರವೆಲ್ಲ ಕೊಂಬು ತಗ್ಗಿಸಿದೆ. ಮುಂದಿನ ಸಲ ನಗಾರಿ ಹೆಚ್ಚಾಗಿತ್ತು. ಆಮೇಲೆ ಗುಂಗು ಹೆಚ್ಚಾಯಿತು. ಮತ್ತೆ ಕೊಂಬು. ಚಳಿಗಾಲ ಕಳೆದು ಬೇಸಿಗೆ ಬಂತು. ಪ್ರತಿ ರವಿವಾರ ನನಗೊಂದು ತಪ್ಪೂ ಒಂದು ಊಟವೂ ಸಿಗುತ್ತಿದ್ದವು. ಅಣ್ಣಾರ ಕಿವಿಯನ್ನು ನಾನು ಕಣ್ಣುಮುಚ್ಚಿ ನಂಬಿದೆ.

ಒಂದು ವಾರ ಹಟಕ್ಕೆ ಬಿದ್ದು ಇಡೀ ಮಿಕ್ಸನ್ನು ಹೊಸದಾಗಿ ಕಟ್ಟಿದೆ. ಕೊಂಬನ್ನು ಇದ್ದೂ ಇಲ್ಲದಷ್ಟು ತಗ್ಗಿಸಿದೆ. ಖಾನಾಪುರದಲ್ಲಿ ಹಾಡು ಹಚ್ಚುವ ಹೊತ್ತಿಗೆ ಅಟ್ಟದ ಮೇಲಿನ ಡಬ್ಬಿ ಇಳಿಸಿಕೊಡಿ ಎಂದು ವೈನಿ ಕರೆದರು. ನಾನು ಒಳಗೆ ಹೋದೆ, ಡಬ್ಬಿಗಳ ಸದ್ದಿನಲ್ಲಿ ನನಗೆ ಹಾಡು ಕೇಳಿಸಲಿಲ್ಲ, ಅಣ್ಣಾರು ಒಬ್ಬರೇ ಕೇಳಿದರು. ಹೊರಗೆ ಬಂದಾಗ ತಲೆದೂಗುತ್ತಿದ್ದರು.

"ಹೋದ ವಾರಕ್ಕಿಂತ ಎಷ್ಟೋ ಪಾಡ ಆಗೇತ್ರಿ. ಕೊಂಬು ಮಾತ್ರ ಇನ್ನೊಂಚೂರು ತಗ್ಗಬೇಕು. ಮುಂದಿನ ರವಿವಾರ ಕೇಳೂಣು."

ಮನೆಗೆ ಬಂದು ಪೆನ್ ಡ್ರೈವ್ ತೆರೆದರೆ ಅದರಲ್ಲಿ ಹೋದ ವಾರದ ಫೈಲೇ ಇತ್ತು. ಹೊಸದನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಿ, ಪೆನ್ ಡ್ರೈವ್‌ಗೆ ಹಾಕುವುದನ್ನೇ ಮರೆತಿದ್ದೆ. ಅಣ್ಣಾರು ಕೇಳಿದ್ದು ಹಳೆಯದನ್ನೇ.

ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಈ ಮನುಷ್ಯ ಕೇಳಿದ್ದಾದರೂ ಏನನ್ನು? ಕಣ್ಣು ಮುಚ್ಚಿ ನಿದ್ದೆ ಹೊಡೆಯುತ್ತಿದ್ದರೇ? ಇವರ ಮಾತು ಕಟ್ಟಿಕೊಂಡು ಅಂಥ ಒಳ್ಳೆಯ ಕೊಂಬನ್ನು ಮೂಲೆಗುಂಪು ಮಾಡಿದೆನಲ್ಲ! ನಾಲ್ಕು ಮಾತು ಅಂದೇಬಿಡೋಣ ಎಂದು ಫೋನ್ ಕೈಗೆತ್ತಿಕೊಂಡೆ. ಅವರ ಹೆಸರು ಹುಡುಕುವಾಗ ಒಂದು ವಿಷಯ ಹೊಳೆಯಿತು. ಅವರು ಬರೀ ತಪ್ಪು ಹೇಳಿ ಸುಮ್ಮನಾದದ್ದು ಒಮ್ಮೆಯೂ ಇಲ್ಲ. ಪ್ರತಿ ಸಲವೂ ಹಿಂದೆಯೇ "ಮುಂದಿನ ರವಿವಾರ" ಬರುತ್ತಿತ್ತು. ಹಾಡು ಮುಗಿಯಿತು ಎಂದುಬಿಟ್ಟರೆ ತಂಗಿಯ ಗಂಡ ಮತ್ತೆ ಈ ಕಡೆ ಬರಲಿಕ್ಕಿಲ್ಲ ಎಂಬುದು ಅವರಿಗೆ ಮೊದಲ ದಿನವೇ ಗೊತ್ತಿತ್ತು.

ಫೋನ್ ಕೆಳಗಿಟ್ಟೆ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ನನ್ನ ಹಾಡನ್ನು ಈ ಲೋಕದಲ್ಲಿ ಒಬ್ಬರೂ ಕೇಳಿಲ್ಲವಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.

ಆ ವಾರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಪ್ರತಿ ವಾದ್ಯವನ್ನೂ ಅದರದರ ಜಾಗದಲ್ಲಿ ಕೂರಿಸಿದೆ. ಮಿಕ್ಸ್ ಸರಿಹೋಯಿತು. ಇನ್ನು ಮುಟ್ಟುವಂಥದ್ದು ಏನೂ ಇರಲಿಲ್ಲ. ಹೆಂಡತಿ ಇದ್ದಿದ್ದರೆ ಕರೆದು ಕೇಳಿಸುತ್ತಿದ್ದೆ. ಒಬ್ಬನೇ ಕೇಳಿ ಅತ್ತೆ.

ರವಿವಾರ ಅದನ್ನು ಮನೆಯಲ್ಲೇ ಬಿಟ್ಟು, ಹಳೆಯ ಫೈಲನ್ನೇ ಒಯ್ದೆ. ಅಣ್ಣಾರು ಎಂದಿನಂತೆ ಕಣ್ಣು ಮುಚ್ಚಿ ಕೂತರು. ಹಾಡು ನಿಂತ ಮೇಲೂ ಗದ್ದ ಉಜ್ಜಿಕೊಳ್ಳುತ್ತಲೇ ಇದ್ದರು. ಈ ಸಲ ಅವರಿಗೆ ತಪ್ಪು ಸಿಗುತ್ತಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು.

"ಪಿಟೀಲಿಂದ..." ಎಂದರು ಕೊನೆಗೆ, "ಪಿಟೀಲಿಂದ ಏನೋ ಒಂಚೂರು ಐತಿ ನೋಡ್ರಿ."

"ಹೌದ್ರಿ ಅಣ್ಣಾರ," ಎಂದೆ. "ಇನ್ನೂ ಭಾಳ ಕೆಲಸ ಐತಿ."