ಯಮನೂರಕ್ಕನ ಬೆರಳ ತುದಿ

“ಅವ್ವಾ, ದೊಡ್ಡವ್ವನ ಉಗುರು ಯಾರು ಕಿತ್ಗೊಂಡ್ರು?”

ನಾಲ್ಕು ವರ್ಷದ ನನ್ನ ಮಗ ಗಾಳೇಶ ಪಕ್ಕದ ಮನೆಯ ಯಮನೂರಕ್ಕನ ಬಗ್ಗೆ ಕೇಳಿದ. ಯಾರೂ ಕಿತ್ತಿಲ್ಲ, ಕೆಲಸದಾಗ ಹೋಗ್ಯಾವ ಎಂದೆ.

ಅಕ್ಕ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವಳು. ಹದಿನೆಂಟು ವರ್ಷದಿಂದ ಇಲ್ಲಿ ಭಾಗ್ಯನಗರದ ಒಂದು ವರ್ಕ್‌ಶಾಪಿನಲ್ಲಿ, ಕಬ್ಬಿಣ ಕಾಯಿಸುವವರಿಗೆ ಚರ್ಮದ ಕೈಗವಸು ಹೊಲಿಯುತ್ತಾಳೆ. ಹೋದ ವರ್ಷ ಬೆಂಗಳೂರಿನಿಂದ ಸಂಶೋಧಕರು ಬಂದರು. ಬಾಹ್ಯಾಕಾಶದಲ್ಲಿ ನೌಕೆಯ ಹೊರಗೆ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಕೈಗವಸು ಬೇಕಿತ್ತು. ಅವರು ತಂದಿದ್ದ ಕೈಗವಸಿನಲ್ಲಿ ಬೆರಳಿನ ಗೆಣ್ಣು ಮಡಚುತ್ತಲೇ ಇರಲಿಲ್ಲ. ಅಕ್ಕ ಕುಬಸದ ತೋಳಿಗೆ ಹಿಡಿಯುವಂತೆ ಸಣ್ಣ ನೆರಿಗೆ ಹಿಡಿದು ಹೊಲಿದಳು, ಮಡಚಿತು. ನಮೂನೆಯನ್ನು ಅವಳ ಕೈ ಅಳತೆಗೇ ಹೊಲಿಸಿದ್ದರಿಂದ ಪರೀಕ್ಷೆಗೂ ಅವಳದೇ ಕೈ ಬೇಕಾಯಿತು. ಒಂದೊಂದು ಹೊಸ ನೆರಿಗೆಗೂ ಮತ್ತೊಂದು ಪರೀಕ್ಷೆ.

ವರ್ಕ್‌ಶಾಪಿನಲ್ಲೇ ಒಂದು ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕೈಗವಸು ಜೋಡಿಸಿರುತ್ತಾರೆ. ಕೈ ತೂರಿಸಿದರೆ ಅದು ಸೈಕಲ್ ಟ್ಯೂಬಿನಂತೆ ಬಿಗಿದು ನಿಲ್ಲುತ್ತದೆ. ಅದರೊಡನೆ ಗುದ್ದಾಡುತ್ತ ಎರಡು ತಾಸು ನಟ್ಟು ತಿರುವಬೇಕು. ಪೆಟ್ಟಿಗೆಗೆ ಮತ್ತೆ ಗಾಳಿ ಬಿಡುವವರೆಗೆ ಕೈ ಹೊರಗೆ ಬರದು.

“ಮೂಗಿನ ಮ್ಯಾಲೆ ನೊಣ ಕುಂತ್ರ ಮೇಲ್ವಿಚಾರಕ ಬಸವಕುಮಾರಗ ಕೈ ಮುಗೀಬೇಕು. ಮುಗಿಯಾಕ ಕೈ ಎಲ್ಲೈತಿ?” ಎಂದು ನಗುತ್ತಿದ್ದಳು. ಆಮೇಲೆ ಉಗುರು ಕಪ್ಪಾಗಿ ಒಂದೊಂದೇ ಉದುರಿದವು.

ಅವಳ ಮಗಳು ಹೇಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹೆರಿಗೆಗೆ ಇನ್ನೊಂದು ತಿಂಗಳಿದೆ. ಹುಟ್ಟುವ ಕೂಸಿಗೆ ಬಿಸಿನೀರು ಎರೆಯುವುದು ಅಕ್ಕನ ಕೆಲಸ. ನಿನ್ನೆ ಬೆಳಿಗ್ಗೆ ಗಾಳೇಶನ ಜಳಕಕ್ಕೆ ನೀರು ತೋಡಿದ್ದೆ. ಅಕ್ಕ ಬೆರಳು ಅದ್ದಿ, “ಹದ ಐತಿ, ಹಾಕು” ಎಂದಳು. ನಾನು ಸುಮ್ಮನೆ ಮೊಣಕೈ ತಾಗಿಸಿದೆ. ಚುರ್ ಎಂದಿತು.

ನಾನು ತಣ್ಣೀರು ಬೆರೆಸಿ ಗಾಳೇಶನಿಗೆ ಎರೆದೆ.

“ಬಿಸಿ ತಿಳೀವಲ್ದು,” ಎಂದಳು ಅಕ್ಕ. “ಒಂದು ತಿಂಗಳ ಬೆರಳಿಗೆ ಬಿಡುವು ಕೊಟ್ರ ತಿರುಗಿ ಬರಬಹುದು ಅಂದಾರ ಡಾಕ್ಟರು.”

“ಹಂಗಾರ ಬಿಟ್ಟು ಬಾರಕ್ಕ.”

“ಬಿಟ್ರ ಹೊಲಿಗಿ ಕೆಲಸಾನೂ ಹೋಕ್ಕೈತಿ. ಬದಲಿ ಕೈ ಕೊಟ್ಟು ಹೋಗು ಅಂತಾನ ಬಸವಕುಮಾರ.” ಗಾಳೇಶನ ತಲೆ ಒರೆಸುತ್ತಿದ್ದ ನನ್ನ ಕೈಯನ್ನು ಮೆಲ್ಲಗೆ ಹಿಡಿದು, ತನ್ನ ಅಂಗೈಗೆ ಜೋಡಿಸಿ ನೋಡಿದಳು. ಬೆರಳಿಗೆ ಬೆರಳು ಸರಿಹೊಂದಿದವು.

“ತಂಗಿ, ಒಂದು ತಿಂಗಳ ಮಟ್ಟಿಗೆ ನನ್ನ ಬದಲಿ ನೀ ಪೆಟಿಗ್ಯಾಗ ಕೈ ಇಡ್ತೀಯೇನು?”