ಮಂಗಳೂರಿನ ಸೆಕೆಯಲ್ಲಿ ಎರಡು ಕೋಟು

ಮಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ನನ್ನ ಸೂಟ್‌ಕೇಸು ನಾಲ್ಕು ಕಿಲೋ ಜಾಸ್ತಿ ತೂಗಿತು. ದುಬೈ ಮಾರ್ಗವಾಗಿ ಐರ್ಲೆಂಡಿಗೆ, ನರ್ಸ್ ಕೆಲಸಕ್ಕೆ ಹೊರಟಿದ್ದೆ. ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿಯನ್ನು ಹೊರತೆಗೆಯುವಾಗ ಅಳುವೇ ಬಂತು.

ಹಿಂದೆ ನಿಂತಿದ್ದ ಬ್ಯಾರಿ ಹೆಂಗಸೊಬ್ಬರು ತೆರೆದ ಸೂಟ್‌ಕೇಸಿನೊಳಗೆ ಬಗ್ಗಿ ನೋಡಿದರು. ದುಬೈಯಲ್ಲಿರುವ ಮಗಳ ಮನೆಗೆ ಹೊರಟವರು. "ಅಕ್ಕಿ ಯಾಕೆ ತೆಗೀತೀ ಮಗಳೇ? ಎರಡು ಕೋಟು ಉಂಟಲ್ಲ, ಹಾಕಿಕೋ. ಮೈಮೇಲೆ ಇದ್ದದ್ದನ್ನು ಯಾರೂ ತೂಗುದಿಲ್ಲ."

ಮೇ ತಿಂಗಳ ಸೆಕೆಯಲ್ಲಿ ಎರಡು ಉಣ್ಣೆ ಕೋಟು ಏರಿಸಿ ಬೆವರುತ್ತ ನಿಂತೆ. ತೂಕ ಸರಿಯಾಯಿತು. ಕೌಂಟರಿನ ಹುಡುಗಿ ಕಣ್ಣರಳಿಸಿದಾಗ ಅವರೇ ಗಂಭೀರವಾಗಿ ಹೇಳಿದರು: "ಅವಳಿಗೆ ಅಲ್ಲಿಯ ಚಳಿ ಇಲ್ಲಿಂದಲೇ ಶುರುವಾಗಿದೆ ಮಾರಾಯ್ತಿ!"

ಅವರ ಹೆಸರು ಕೇಳಲು ಮರೆತೆ. ಮೊದಲ ಸಲ ಊರು ಬಿಡುವಾಗ ಅಳುತ್ತಲೇ ವಿಮಾನ ಹತ್ತುತ್ತೇನೆ ಅಂದುಕೊಂಡಿದ್ದೆ, ನಗುತ್ತ ಹತ್ತಿದೆ.