ಸಾರೋಟಿನವರು

ಹಲಸೂರಿನ ನಮ್ಮ ಬೀದಿಯಲ್ಲಿ ಮದುವೆ ಮೆರವಣಿಗೆಗೆ ಸಾರೋಟು ಓಡಿಸುವವರೊಬ್ಬರಿದ್ದರು. ಬ್ಯಾಂಡಿನ ಮುಂದೆ ನೆಂಟರು ಕುಣಿದು ದಣಿಯುವ ತನಕ ಅಲುಗಾಡದೆ ನಿಲ್ಲುವುದು ಅವರ ಗಿಡ್ಡ ಕುದುರೆಯ ಕಸುಬು. ಅದು ನಮ್ಮ ಕರಿಬೇವಿನ ಗಿಡ ಬೋಳಿಸಿದರೂ ಅದರ ಕತ್ತು ಸವರುತ್ತಾ, "ಅವಳದ್ದೇನೂ ತಪ್ಪಿಲ್ಲ ಬಿಡಿ" ಅನ್ನೋರು.

ಒಂದು ವರ್ಷ ಅವಳನ್ನು ಗಾಡಿಕುದುರೆಗಳ ಸ್ಪರ್ಧೆಗೆ ಕರೆದೊಯ್ದರು. ಲಗಾಮಿಗೆ ಎಣ್ಣೆ ತಿಕ್ಕಿ, ಹಿತ್ತಾಳೆ ಬಕಲುಗಳನ್ನು ಹುಣಸೆಹಣ್ಣಿನಲ್ಲಿ ಬೆಳಗಿದ್ದರು. ನಾನೂ ಹೋಗಿದ್ದೆ. ಅವಳ ನಡಿಗೆಗೆ ತೀರ್ಪುಗಾರರೇ ತಲೆದೂಗಿದರು. ಬಹುಮಾನದ ಕಪ್ಪು ನಮ್ಮದೇ ಅಂದುಕೊಂಡೆ.

ಕೊನೆಯ ಸುತ್ತಿಗೆ ಬ್ಯಾಂಡು ಶುರುವಾಯಿತು. ಉಳಿದ ಗಾಡಿಗಳೆಲ್ಲ ಓಡಿದವು. ಇವಳು ಗಕ್ಕನೆ ನಿಂತುಬಿಟ್ಟಳು. ಅವರು ಚಾವಟಿ ಎತ್ತಲಿಲ್ಲ.

"ಯಾಕ್ರೀ ನಿಲ್ಸಿದ್ರಿ?" ಎಂದು ತೀರ್ಪುಗಾರರೊಬ್ಬರು ಹತ್ತಿರ ಬಂದರು.

"ಅವಳದ್ದೇನೂ ತಪ್ಪಿಲ್ಲ ಸಾರ್," ಎಂದರು ಸಾರೋಟಿನವರು. "ನೀವ್ಯಾರೂ ಇನ್ನೂ ಕುಣಿದೇ ಇಲ್ವಲ್ಲ."